ಕೇಳುವ ಕಿವಿ

ಕಚೇರಿಯಲ್ಲಿ ಹನ್ನೆರಡು ವರ್ಷ ಕಡತಗಳ ನಡುವೆ ಕುಳಿತವನಿಗೆ ಒಂದು ದುರಭ್ಯಾಸ ತಾನಾಗಿಯೇ ಅಂಟಿಕೊಳ್ಳುತ್ತದೆ. ಮುಂದೆ ಏನು ಬಂದರೂ ಅದರ ಮೇಲೊಂದು ಟಿಪ್ಪಣಿ ಬರೆದು ವಿಲೇವಾರಿ ಮಾಡುವುದು. ಬಂದದ್ದು ಮನುಷ್ಯನಾದರೂ ಅಷ್ಟೆ. ಹೋದ ವರ್ಷ ನನ್ನ ಭಾವಮೈದುನನ ವಿಷಯದಲ್ಲಿ ನಾನು ಮಾಡಿದ್ದು ಅದನ್ನೇ.

ಅವನಿಗೆ ಮಗರಪಟ್ಟಾದಲ್ಲಿ ಕಂಪ್ಯೂಟರಿನ ಕೆಲಸ. ಆ ಊರಿನ ಕಥೆಯನ್ನು ಪುಣೆಯ ಕನ್ನಡ ಬಂಧುಗಳೆಲ್ಲ ಕೇಳಿಯೇ ಇರುತ್ತಾರೆ. ನಗರವು ತಮ್ಮ ಹೊಲಗಳತ್ತ ಬರುವುದನ್ನು ಕಂಡು, ಸುಮಾರು 120 ರೈತ ಕುಟುಂಬಗಳು ಸತೀಶ ಮಗರ ಅವರ ಮುಂದಾಳುತನದಲ್ಲಿ 400 ಎಕರೆಯಷ್ಟು ಭೂಮಿಯನ್ನು ಒಟ್ಟುಗೂಡಿಸಿ, ತಾವೇ ಪಾಲುದಾರರಾಗಿ ಹೊಸ ಊರು ಕಟ್ಟಿದರು. ಅಷ್ಟು ದೊಡ್ಡ ಬದಲಾವಣೆಯನ್ನು ಅವರು ಹೊತ್ತದ್ದು ಕೂಡಿ. ಅದೇ ಊರಿಗೆ ಹಾಸನದಿಂದ ಬಂದ ನಮ್ಮ ಹುಡುಗ ಮಾತ್ರ ತನ್ನ ಪಾಲಿನದನ್ನು ಒಂಟಿಯಾಗಿ ಹೊತ್ತ. ರಾತ್ರಿ ಪಾಳಿ, ತಂದೆಯ ಸಾವು, ಮುರಿದುಬಿದ್ದ ಮದುವೆಯ ಮಾತು, ಎಲ್ಲವೂ ಆರೇ ತಿಂಗಳಲ್ಲಿ. ನಿದ್ದೆಗೆಂದು ಹಿಡಿದ ಗ್ಲಾಸು ಎದ್ದ ಕೂಡಲೇ ಬೇಕಾಗುವ ಗ್ಲಾಸಾಯಿತು.

ಸುದ್ದಿ ತಿಳಿದಾಗ ಅವನನ್ನು ಕರೆಸಿ, ಎದುರಿಗೆ ಕೂರಿಸಿಕೊಂಡು ಒಂದು ಗಂಟೆ ಉಪದೇಶ ಮಾಡಿದೆ. ಅತ್ತೆಯವರ ಕಣ್ಣೀರನ್ನು ವರ್ಣಿಸಿದೆ. ಕುಡಿತದ ಖರ್ಚನ್ನು ಕೂಡಿ ತೋರಿಸಿದೆ. “ನಾಳೆಯಿಂದಲೇ ಬಿಟ್ಟುಬಿಡು” ಎಂದೆ. “ಆಯಿತು ಭಾವ” ಎಂದ. ಕಡತ ಮುಗಿಯಿತೆಂದುಕೊಂಡೆ. ವಾರದೊಳಗೆ ಮತ್ತೆ ತೆರೆಯಿತು.

ನಾನೇನೂ ಓದದವನಲ್ಲ. ‘ಕೊರವಂಜಿ’ಯ ಡಾಕ್ಟರ್ ಶಿವರಾಂ ಅವರು ಮನಸ್ಸಿನ ಕಾಯಿಲೆಗಳ ಮೇಲೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಆ ಪುಸ್ತಕ ನಮ್ಮ ತಂದೆಯವರ ಕಪಾಟಿನಲ್ಲಿತ್ತು, ಓದಿದ್ದೆ. ಮೈಗೆ ಬರುವಂತೆ ಮನಸ್ಸಿಗೂ ಕಾಯಿಲೆ ಬರುತ್ತದೆಂದು ಬಲ್ಲೆ. ಅದು ನಮ್ಮ ಮನೆಗೇ ಬಂದಾಗ ಮಾತ್ರ ಸೋಮಾರಿತನವೆಂದು ಕರೆದೆ.

ದಾರಿ ಕಂಡವಳು ನನ್ನಾಕೆ. ಒಂದು ರಾತ್ರಿ ನಾನು ಮಲಗಿದ ಮೇಲೆ 14416ಕ್ಕೆ ಫೋನು ಮಾಡಿದಳು. ಅದು ‘ಟೆಲಿ ಮಾನಸ್’. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ್ದು. ಅದರ ಹಿಂದಿರುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ತೆರೆದಿರುತ್ತದೆ, ಕಾಸಿಲ್ಲ. ಇಪ್ಪತ್ತು ಭಾಷೆಗಳಲ್ಲಿ ಕನ್ನಡವೂ ಒಂದು. ಆಕೆ ಅಂದು ತಮ್ಮನ ಕಷ್ಟ ಹೇಳಹೋಗಿ ತನ್ನದನ್ನೂ ಹೇಳಿಕೊಂಡಳಂತೆ. ಬೆಳಗ್ಗೆ ಮುಖ ಹಗುರವಾಗಿತ್ತು. ಆ ಬಲದಿಂದಲೇ ತಮ್ಮನನ್ನು ಒಪ್ಪಿಸಿ, ಬೆಂಗಳೂರಿನ ಒಬ್ಬ ಆಪ್ತ ಸಮಾಲೋಚಕಿಯ ಬಳಿ ಮೊಬೈಲಿನಲ್ಲಿ ಮುಖ ನೋಡಿ ಮಾತನಾಡುವ ಏರ್ಪಾಟು ಮಾಡಿಸಿದಳು.

“ಹಾಲು ತರಕಾರಿ ತರಿಸಿದ ಹಾಗೆ ಸಮಾಧಾನವನ್ನೂ ಫೋನಿನಲ್ಲಿ ತರಿಸುತ್ತೀಯೋ?” ಎಂದು ನಕ್ಕೆ.

ಅವನು ನಗಲಿಲ್ಲ. “ಭಾವ, ಆಫೀಸಿನಲ್ಲಿ ಇಂಗ್ಲಿಷು, ರೂಮಿನಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ. ಅಪ್ಪ ಹೋದರು ಅನ್ನೋದನ್ನ ಇವು ಯಾವುದರಲ್ಲೂ ಹೇಳೋಕೆ ಆಗಲಿಲ್ಲ” ಎಂದ. ಆಸ್ಪತ್ರೆಯ ಬಾಗಿಲಲ್ಲಿ ಗುರುತಿನವರು ಕಂಡಾರೆಂಬ ಅಂಜಿಕೆಯೂ ಇಲ್ಲಿರಲಿಲ್ಲ.

ಮೊದಲ ದಿನ ಆಕೆ ಕೇಳಿದ್ದು ನಾಲ್ಕೇ ಪ್ರಶ್ನೆ. ಎಷ್ಟು ದಿನದಿಂದ, ಎಷ್ಟು, ನಿದ್ದೆ ಬರುತ್ತದೆಯೇ, ಬೆಳಗ್ಗೆ ಕೈ ನಡುಗುತ್ತದೆಯೇ? ನಡುಗುತ್ತದೆ ಎಂದ. ಹಾಗಿದ್ದರೆ ತಟ್ಟನೆ ಬಿಡಬೇಡಿ, ಮೊದಲು ಡಾಕ್ಟರನ್ನು ಎದುರಾಎದುರು ಕಾಣಿ ಎಂದರಂತೆ. ದಿನವೂ ಹೆಚ್ಚು ಕುಡಿಯುವವನು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸು ಬರಬಹುದು, ಬುದ್ಧಿ ಭ್ರಮಿಸಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಕೇಳಿ ನನ್ನ ಬೆನ್ನು ತಣ್ಣಗಾಯಿತು. “ನಾಳೆಯಿಂದಲೇ ಬಿಡು” ಎಂದು ಅಪ್ಪಣೆ ಕೊಡಿಸಿದವನು ನಾನು!

ಡಾಕ್ಟರ ಔಷಧದ ಮೇಲೆ ಹತ್ತು ದಿನ ನಮ್ಮಲ್ಲೇ ಇದ್ದ. ಅಷ್ಟರಲ್ಲಿ ಹತೋಟಿಗೆ ಬಾರದಿದ್ದರೆ ಎಲ್ಲಾದರೂ ಸೇರಿಸಬೇಕಾಗುತ್ತಿತ್ತು. ಪುಣೆಯಲ್ಲಿ ಅದಕ್ಕೂ ಕೊರತೆಯಿಲ್ಲ. ಅನಿಲ ಮತ್ತು ಸುನಂದಾ ಅವಚಟ ದಂಪತಿಗಳು 1986ರಲ್ಲಿ ಆರಂಭಿಸಿದ ‘ಮುಕ್ತಾಂಗಣ’ ಇಂದಿಗೂ ನಡೆಯುತ್ತಿದೆ. ಫೋನಿನ ಮಾತು ಔಷಧಕ್ಕಾಗಲಿ ಆಸ್ಪತ್ರೆಗಾಗಲಿ ಬದಲಲ್ಲ. ಆದರೆ ಅಲ್ಲಿಗೆ ಹೋಗುವ ಧೈರ್ಯ ನಮ್ಮ ಹುಡುಗನಿಗೆ ಹುಟ್ಟಿದ್ದು ಆ ಮಾತಿನಿಂದ.

ಆಮೇಲೆ ಪ್ರತಿ ಭಾನುವಾರ ಹನ್ನೊಂದಕ್ಕೆ ನಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾತನಾಡುತ್ತಿದ್ದ. ಸೀಟಿ ಕೂಗೀತೆಂದು ನನ್ನಾಕೆ ಕುಕ್ಕರು ಇಡುತ್ತಿರಲಿಲ್ಲ. ಕಿವಿಗೆ ಬೀಳಬಾರದೆಂದು ನಾನು ಮೆಟ್ಟಿಲ ಮೇಲೆ ಪೇಪರು ಹಿಡಿದು ಕೂರುತ್ತಿದ್ದೆ.

ದೀಪಾವಳಿಯಲ್ಲಿ ಒಮ್ಮೆ ಜಾರಿದ. ಮರುದಿನ ಅವನೇ ಬಂದು ಹೇಳಿದ. ನನ್ನ ನಾಲಗೆಯ ತುದಿಗೆ ಉಪದೇಶ ಬಂದೇಬಿಟ್ಟಿತ್ತು, ನುಂಗಿಕೊಂಡೆ. “ಏನಾಯಿತೋ?” ಎಂದಷ್ಟೇ ಕೇಳಿದೆ. ಒಂದು ಗಂಟೆ ಅವನೇ ಮಾತನಾಡಿದ. ಅವರ ತಂದೆಯವರ ಬಗ್ಗೆ ಅವನು ನನ್ನೊಡನೆ ಮಾತೆತ್ತಿದ್ದು ಅದೇ ಮೊದಲು.

ಈಗ ಐದು ತಿಂಗಳಾಯಿತು. ಮುಂದೇನೆಂದು ಬರೆದುಕೊಡಲು ಇದು ಕಚೇರಿಯ ಕಾಗದವಲ್ಲ. ಭಾನುವಾರ ಮಾತ್ರ ನಮ್ಮ ಮನೆಯಲ್ಲಿ ಊಟ ಈಗಲೂ ಎರಡು ಗಂಟೆಗೆ. ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.