ಜಾಮೀನು ನಿಂತ ಹಾಡು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು—ಈ ಊರುಗಳ ಹಿರಿಯರಿಗೆ ಗಾನವೆಂದರೆ ಬಹುಕಾಲ ನಾಟಕದ ಗಾನವೇ ಆಗಿದ್ದಿತು. ಸುಗ್ಗಿ ಮುಗಿದ ಬಳಿಕ ಕಂಪನಿಯವರು ಬಂದು ಡೇರೆ ಹಾಕುವರು. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ನಿಂತ ನಟನು ನೆಲದ ಮೇಲೆ ಕುಳಿತ ಕಟ್ಟಕಡೆಯ ಪ್ರೇಕ್ಷಕನಿಗೂ ತನ್ನ ಸ್ವರವನ್ನು ಮುಟ್ಟಿಸಬೇಕಾಗಿದ್ದಿತು. ‘ಒನ್ಸ್ ಮೋರ್’ ಎಂಬ ಕೂಗು ಎದ್ದಿತೆಂದರೆ, ಸತ್ತು ಬಿದ್ದ ಪಾತ್ರವೂ ಎದ್ದು ನಿಂತು ಮತ್ತೊಮ್ಮೆ ಹಾಡಿ ಸಾಯಬೇಕು! ಇದನ್ನು ಬಲ್ಲವರಿಗೆ ಯೂರೋಪಿನ ಆಪೆರಾ ಎಂಬ ಗೀತನಾಟಕ ತೀರ ಪರಕೀಯವೆನಿಸಲಾರದು. ಅಲ್ಲಿ ಮಾತು ಬಹುಮಟ್ಟಿಗೆ ಹಾಡೇ. ಒಂದು ಹಾರ್ಮೋನಿಯಮ್ಮಿನ ಬದಲು ಹತ್ತಾರು ವಾದ್ಯಗಳು. ಅವೆಲ್ಲವನ್ನೂ ಮೀರಿ ಕೇಳಿಸಬೇಕಾದುದು ಒಂದು ಬರಿಗಂಠ.

ಅಂಥ ಗಾಯಕಿಯೊಬ್ಬರ ಚರಿತ್ರೆಯಲ್ಲಿ ಈ ಸೀಮೆಯನ್ನಾಳಿದ ದೊರೆಯ ಹೆಸರು ಸೇರಿಕೊಂಡಿದೆ. ಆಕೆ ನಾರ್ವೆ ದೇಶದ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ದೊರೆ ಮೈಸೂರಿನ ಶ್ರೀ ಜಯಚಾಮರಾಜ ಒಡೆಯರು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವುದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಅರಸರ ಕಾಲದಲ್ಲಿ ಎಲ್ಲವೂ ಮೈಸೂರು ಸಂಸ್ಥಾನವೇ.

ಫ್ಲಾಗ್‌ಸ್ಟಾಡ್ ಹುಟ್ಟಿದ್ದು 1895ರಲ್ಲಿ, ಹಾಮಾರ್ ಎಂಬ ಸಣ್ಣ ಊರಿನಲ್ಲಿ. ತಂದೆ ವಾದ್ಯಮೇಳದ ನಿರ್ದೇಶಕರು, ತಾಯಿ ಪಿಯಾನೋ ವಿದುಷಿ. 1913ರಲ್ಲಿ ಆಕೆ ಮೊದಲು ರಂಗವನ್ನೇರಿದರು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಸ್ಕ್ಯಾಂಡಿನೇವಿಯದ ಹೊರಗೆ ಆಕೆಯ ಹೆಸರನ್ನು ಕೇಳಿದವರು ವಿರಳ. ಗಂಭೀರ ಪಾತ್ರ, ಹಗುರ ಪಾತ್ರ, ವಿನೋದದ ಗೀತನಾಟಕ, ಯಾವುದು ಬಂದರೂ ಕಲಿತು ಹಾಡಿದರು. ನಮ್ಮ ಕಂಪನಿಯ ನಟರ ಪಾಡೂ ಹೀಗೆಯೇ ಅಲ್ಲವೆ? ಇಂದು ನಾರದ, ನಾಳೆ ದ್ರೌಪದಿ. ಮದುವೆಯಾಯಿತು, ಮಗಳಾದಳು, ಆ ಮದುವೆ ಮುರಿದು ಇನ್ನೊಂದಾಯಿತು. ಇನ್ನು ರಂಗವನ್ನು ಬಿಟ್ಟುಬಿಡೋಣವೆಂಬ ಯೋಚನೆಯೂ ಬಂದಿತ್ತು.

1935ರ ಫೆಬ್ರವರಿ 2ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಆಕೆ ವ್ಯಾಗ್ನರನ ಕೃತಿಯೊಂದರಲ್ಲಿ ಜೀಗ್‌ಲಿಂಡೆಯಾಗಿ ಹಾಡಿದರು. ನಾಲ್ಕು ದಿನ ಕಳೆದು ಇಜೋಲ್ಡೆಯಾದರು. ನಲವತ್ತು ತುಂಬುತ್ತಿದ್ದ ಅಪರಿಚಿತೆ ಒಂದು ವಾರದಲ್ಲಿ ಜಗತ್ಪ್ರಸಿದ್ಧೆಯಾದರು. ಹಣದ ಮುಗ್ಗಟ್ಟಿನಿಂದ ಕಂಗೆಟ್ಟಿದ್ದ ಆ ರಂಗಶಾಲೆಗೆ ಆಕೆ ಹಾಡಿದ ರಾತ್ರಿಗಳು ದೊಡ್ಡ ಆಧಾರವಾದವು. ಆ ಕಂಠದ ಗುಣವನ್ನು ಚನ್ನಗಿರಿಯ ಕಡೆಯವರಿಗೆ ಹೇಳಬೇಕಾದರೆ ಸೂಳೆಕೆರೆಯ ನೀರು ತೂಬಿನಿಂದ ಹೊರಡುವುದನ್ನು ನೆನೆಯಬೇಕು. ಅವಸರವಿಲ್ಲ, ಆರ್ಭಟವಿಲ್ಲ, ಆದರೆ ಹಿಂದೆ ಎಷ್ಟು ನೀರು ನಿಂತಿದೆಯೆಂಬುದು ನೋಡಿದೊಡನೆ ತಿಳಿಯುತ್ತದೆ. ಇಪ್ಪತ್ತು ವರ್ಷದ ಅಜ್ಞಾತವಾಸದಲ್ಲಿ ತುಂಬಿದ ಕೆರೆ ಅದು.

ಬಳಿಕ ಯುದ್ಧ. ನಾರ್ವೆ ಜರ್ಮನರ ವಶದಲ್ಲಿದ್ದಾಗ, 1941ರಲ್ಲಿ, ಆಕೆ ಅಮೆರಿಕವನ್ನು ಬಿಟ್ಟು ಪತಿಯ ಬಳಿಗೆ ಮರಳಿದರು. ಪತಿ ಶತ್ರುಪಕ್ಷದೊಡನೆ ಸೇರಿದ್ದವರೆಂಬ ಆಪಾದನೆಗೆ ಗುರಿಯಾಗಿ, ಯುದ್ಧ ಮುಗಿದ ಮೇಲೆ ಬಂಧಿತರಾಗಿ, ವಿಚಾರಣೆಗೆ ಮುಂಚೆಯೇ 1946ರಲ್ಲಿ ತೀರಿಕೊಂಡರು. ಯುದ್ಧಕಾಲದಲ್ಲಿ ಆಕೆ ಹೊರಗೆ ಹಾಡಿದ್ದು ತಟಸ್ಥ ದೇಶಗಳಾದ ಸ್ವೀಡನ್, ಸ್ವಿಟ್ಜರ್ಲೆಂಡುಗಳಲ್ಲಿ. ಆದರೂ ಮತ್ತೆ ಅಮೆರಿಕಕ್ಕೆ ಹೋದಾಗ ಸಭಾಂಗಣಗಳ ಮುಂದೆ ಜನ ಫಲಕ ಹಿಡಿದು ವಿರೋಧಿಸಿದರು. ಗಂಡನಿದ್ದಲ್ಲಿಗೆ ಹೆಂಡತಿ ಹೋದಳೆಂದರೆ ನಮ್ಮ ಮನೆಗಳಲ್ಲಿ ಯಾರೂ ತಪ್ಪೆನ್ನಲಾರರು. ಆದರೆ ಮಕ್ಕಳನ್ನು ಯುದ್ಧಕ್ಕೆ ಕೊಟ್ಟವರ ಕೋಪವನ್ನು ಸುಳ್ಳೆನ್ನುವುದೂ ಸಾಧ್ಯವಿಲ್ಲ.

ಮೈಸೂರಿನ ಸಂಬಂಧ ಈ ಕಷ್ಟಕಾಲದ್ದು. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ಜಯಚಾಮರಾಜರು ಪಾಶ್ಚಾತ್ಯ ಸಂಗೀತದಲ್ಲಿಯೂ ಅಷ್ಟೇ ಆಳವಾದ ಪರಿಶ್ರಮವುಳ್ಳವರು. ಲಂಡನ್ನಿನಲ್ಲಿ ಜನ ಮರೆತಿದ್ದ ರಷ್ಯದ ಮೆಟ್ನರ್ ಎಂಬ ವೃದ್ಧ ರಚನಕಾರನ ಕೃತಿಗಳನ್ನು ಧ್ವನಿಮುದ್ರಣ ಮಾಡಿಸಿದವರು ಅವರು. ಆ ನಗರದ ಫಿಲ್‌ಹಾರ್ಮೋನಿಯ ಕಛೇರಿ ಸಂಘಕ್ಕೆ 1948ರಲ್ಲಿ ಅವರೇ ಮೊದಲ ಅಧ್ಯಕ್ಷರು.

ಅದೇ ವರ್ಷ ಜರ್ಮನಿಯ ಮುದುಕ ರಿಚರ್ಡ್ ಸ್ಟ್ರಾಸ್, ವಾದ್ಯಮೇಳದೊಡನೆ ಹಾಡತಕ್ಕ ನಾಲ್ಕು ಗೀತೆಗಳನ್ನು ರಚಿಸಿದ್ದ. ಒಂದು ಗೀತೆಯಲ್ಲಿ ಬಾಳೆಲ್ಲ ಕೈಹಿಡಿದು ನಡೆದ ವೃದ್ಧ ದಂಪತಿಗಳು ಸಂಜೆಗೆಂಪಿನಲ್ಲಿ ನಿಂತಿದ್ದಾರೆ. ಎರಡು ಬಾನಾಡಿಗಳು ಮೇಲೇರುತ್ತಿವೆ. ಇವನ್ನು ಮೊದಲು ಫ್ಲಾಗ್‌ಸ್ಟಾಡ್ ಹಾಡಬೇಕೆಂಬುದು ಅವನ ಬಯಕೆ. ಅದನ್ನು ಕೇಳದೆಯೇ 1949ರ ಸೆಪ್ಟೆಂಬರಿನಲ್ಲಿ ಅವನು ತೀರಿಕೊಂಡ.

ಸತ್ತ ರಚನಕಾರ, ಯಾರೂ ಕೇಳದ ಹೊಸ ಗೀತೆಗಳು, ಅಪವಾದ ಹೊತ್ತ ಐವತ್ತನಾಲ್ಕರ ಗಾಯಕಿ: ಕಛೇರಿಗೆ ನಷ್ಟವಾದರೆ ತುಂಬುವವರು ಯಾರು? ಜಯಚಾಮರಾಜರು 4,800 ಡಾಲರುಗಳ ಜಾಮೀನು ನಿಂತರು. ಪ್ರತಿಯಾಗಿ ಕೇಳಿದ್ದು ಆ ಗಾನದ ಧ್ವನಿಮುದ್ರಣವನ್ನು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಫುರ್ಟ್‌ವೆಂಗ್ಲರರ ನಿರ್ದೇಶನದಲ್ಲಿ, ಆಕೆ ಹಾಡಿದರು. ಸ್ಟ್ರಾಸನ ಪತ್ನಿ, ಹಿಂದೆ ತಾನೂ ಗಾಯಕಿಯಾಗಿದ್ದ ಪೌಲೀನೆ, ಒಂಬತ್ತು ದಿನ ಮುಂಚೆ ಕಣ್ಮುಚ್ಚಿದ್ದರು. ಜಾಮೀನು ನಿಂತ ದೊರೆಯೂ ಆ ಸಭೆಯಲ್ಲಿರಲಿಲ್ಲ.

ಮಳೆಗೆ ಬಾಯಿಬಿಟ್ಟ ಜಗಳೂರಿನ ನೆಲದವರು, ಈ ಹಣಕ್ಕೆ ಇಲ್ಲಿ ಬೇರೆ ಕೆಲಸವಿರಲಿಲ್ಲವೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ, ಅದಕ್ಕೆ ರಸಿಕತೆಯ ಉತ್ತರ ಸಾಲದು. ಆದರೆ ಜಾಮೀನು ದಾನವಲ್ಲ. ಕಂಪನಿಯ ಡೇರೆ, ಪರದೆಗಳನ್ನು ಬಿಡಿಸಿಕೊಳ್ಳಲು ಊರಿನ ವರ್ತಕನೊಬ್ಬ ಸಾಲಗಾರನಿಗೆ ಮಾತುಕೊಟ್ಟು, ರಾತ್ರಿ ಮುಂದಿನ ಸಾಲಿನಲ್ಲಿ ಕುಳಿತು ನಾಟಕ ನೋಡುವುದು ನಮ್ಮ ಕಡೆಯೂ ಉಂಟು. ಅವನನ್ನು ಊರವರು ಹುಚ್ಚನೆಂದರೂ ನಾಟಕ ತಪ್ಪಿಸಿದವರಿಲ್ಲ.

ಆ ಗೀತೆಗಳನ್ನು ಈಗ ಜಗತ್ತಿನ ದೊಡ್ಡ ಗಾಯಕಿಯರೆಲ್ಲ ಹಾಡುತ್ತಾರೆ. ಫ್ಲಾಗ್‌ಸ್ಟಾಡ್ ಹಾಡಿದ ಆ ಮೊದಲ ಮುದ್ರಣವೂ ಉಳಿದುಬಂದಿದೆ. ಸವೆದ ತಟ್ಟೆಯ ಕರಕರ ಶಬ್ದ ಬಹಳ; ವಾದ್ಯಗಳು ಮಸುಕು. ಕಂಠ ಮಾತ್ರ ಅವೆಲ್ಲದರ ಮೇಲೆ ಸ್ಪಷ್ಟವಾಗಿ ನಿಂತಿದೆ. 1958ರಲ್ಲಿ ನಾರ್ವೆಯ ರಾಷ್ಟ್ರೀಯ ಆಪೆರಾ ಸಂಸ್ಥೆ ಹುಟ್ಟಿದಾಗ ಅದರ ಮೊದಲ ನಿರ್ದೇಶಕಿಯ ಸ್ಥಾನ ಆಕೆಗೆ ಬಂದಿತು. ಎರಡು ವರ್ಷ ಆ ಭಾರವನ್ನು ಹೊತ್ತು, 1962ರ ಡಿಸೆಂಬರ್ 7ರಂದು ಆಕೆ ಆಸ್ಲೋ ನಗರದಲ್ಲಿ ತೀರಿಕೊಂಡರು.