ತಾನೇ ಓದುವ ಸುಖ

ಮುದ್ರಿತ ಪುಟವನ್ನು ಓದಲಾಗದವರಿಗಾಗಿ ಪುಸ್ತಕಗಳನ್ನು ಸಿದ್ಧಪಡಿಸುವ ಗ್ರಂಥಾಲಯವೊಂದಕ್ಕೆ ಮೂರು ವರ್ಷಗಳಿಂದ ನನ್ನ ಭಾನುವಾರದ ಬೆಳಗುಗಳನ್ನು ಮೀಸಲಿಟ್ಟಿದ್ದೇನೆ. ಸ್ವಯಂಸೇವೆಯೆಂದರೆ ಎದುರು ಕುಳಿತು ಗಟ್ಟಿಯಾಗಿ ಓದುವುದೆಂದು ದೆಹಲಿಯ ಗೆಳೆಯರು ಭಾವಿಸುತ್ತಾರೆ. ನನ್ನ ಪಾಲಿಗೆ ಬಂದಿರುವುದು ಕರಡು ತಿದ್ದುವ ಕೆಲಸ. ಸ್ಕ್ಯಾನ್ ಮಾಡಿದ ಕನ್ನಡ ಪುಟದ ಚಿತ್ರವನ್ನು ಗಣಕವು ಅಕ್ಷರಗಳನ್ನಾಗಿ ಪರಿವರ್ತಿಸುತ್ತದೆ. ಅದನ್ನು ಮೂಲದೊಂದಿಗೆ ಸಾಲುಸಾಲಾಗಿ ಹೋಲಿಸಿ ನೋಡುತ್ತೇನೆ.

ನಮ್ಮ ಲಿಪಿ ಯಂತ್ರಕ್ಕೆ ಸುಲಭವಾದುದಲ್ಲ. ಮಹಾಪ್ರಾಣದ ಸಣ್ಣ ಸೀಳು ಮಸುಕಾಗಿದ್ದರೆ ‘ಧನ’ವು ‘ದನ’ವಾಗುತ್ತದೆ, ಒತ್ತಕ್ಷರ ಕಳಚಿ ಬೀಳುತ್ತದೆ, ಅನುಸ್ವಾರವು ಅಂಕಿಯ ಸೊನ್ನೆಯಾಗುತ್ತದೆ. ಪುಟವನ್ನು ಕಣ್ಣಿನಿಂದ ಓದುವವರು ಸಂದರ್ಭ ನೋಡಿ ಸರಿಪಡಿಸಿಕೊಂಡು ಮುಂದೆ ಸಾಗುತ್ತಾರೆ. ಪಠ್ಯವನ್ನು ಉಚ್ಚರಿಸುವ ತಂತ್ರಾಂಶಕ್ಕೆ ಆ ಔದಾರ್ಯವಿಲ್ಲ. ಆರು ಚುಕ್ಕೆಗಳ ಬ್ರೈಲ್‌ನಲ್ಲಂತೂ ದಕಾರ ಧಕಾರಗಳಿಗೆ ರೂಪಸಾಮ್ಯವೇ ಇಲ್ಲ.

ಕಾನೂನಿನ ದಾರಿ ತೆರೆದಿದೆ. ಇಂಥ ಓದುಗರಿಗಾಗಿ ಕೃತಿಗಳನ್ನು ಬೇರೆ ರೂಪಕ್ಕೆ ತರಲು ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ನೀಡಿತು. ಮರ್ರಾಕೆಶ್ ಒಪ್ಪಂದವನ್ನು 2014ರಲ್ಲಿ ಮೊದಲಿಗೆ ಅನುಮೋದಿಸಿದ ದೇಶ ಭಾರತವೇ. 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ವೆಂಬ ಅಂತರ್ಜಾಲ ಗ್ರಂಥಾಲಯವೂ ಆರಂಭವಾಯಿತು. ಆದರೆ ಕನ್ನಡದ ಕರಡಿಗೆ ಕನ್ನಡ ಬಲ್ಲ ಕಣ್ಣೇ ಬೇಕು. ಅದು ದೆಹಲಿಯಲ್ಲಿದ್ದರೂ ಸರಿಯೆ.

ಮನೆಯಲ್ಲೇ ಓದಿ ಹೇಳುವವರಿರುವಾಗ ಇಂಥ ಪುಸ್ತಕಗಳಿಗಾಗಿ ಕಾಯುವುದೇಕೆಂದು ನಮ್ಮ ಓದುಗರೊಬ್ಬರನ್ನು ಒಮ್ಮೆ ಕೇಳಿದ್ದೆ. ಮಧುಮೇಹದಿಂದ ದೃಷ್ಟಿ ಕಳೆದುಕೊಂಡ, ಎಪ್ಪತ್ತು ದಾಟಿದ, ಧಾರವಾಡದ ಕಡೆಯ ಹಿರಿಯರು ಆಕೆ. “ನನ್ನ ಮಗ ದಿನಾ ಓದಿ ಹೇಳ್ತಾನ್ರಿ. ಆದ್ರ ಕಾದಂಬರಿಯೊಳಗ ಯಾರರೆ ಸಾಯೋದು ಬಂತಂದ್ರ ಪುಟ ಹಾರಿಸ್ತಾನ. ಅವನ ದನಿ ಸಣ್ಣಗಾಗೋದ್ರಾಗ ನನಗ ಗೊತ್ತಾಗ್ತದ,” ಎಂದರು.

ಮಗನದು ಪ್ರೀತಿಯೇ. ಆದರೂ ಪ್ರೀತಿ ಹಾರಿಸಿದ ಪುಟ ಓದುಗರಿಗೆ ಆದ ನಷ್ಟವೇ. ಸಾವಿನ ಅಧ್ಯಾಯದಲ್ಲಿ ಒಂಟಿಯಾಗಿ ಅಳುವುದು, ಶೃಂಗಾರದ ಭಾಗವನ್ನು ಮತ್ತೊಮ್ಮೆ ಓದುವುದು, ಬೇಸರವಾದರೆ ಅರ್ಧಕ್ಕೇ ಕೈಬಿಡುವುದು, ಇವೆಲ್ಲ ಓದಿನ ಸ್ವಾತಂತ್ರ್ಯಗಳು. ನಡುವೆ ಇನ್ನೊಂದು ದನಿ ಇರುವಷ್ಟು ಕಾಲ, ಅದು ಎಷ್ಟೇ ಅಕ್ಕರೆಯದಾಗಿರಲಿ, ಅವು ಪೂರ್ತಿಯಾಗಿ ದಕ್ಕುವುದಿಲ್ಲ. ಕರಡು ತಿದ್ದುವವನ ಕೆಲಸ ಆ ನಡುವಿನಿಂದ ಸರಿದು ನಿಲ್ಲುವುದು. ಲೇಖಕರ ವಾಕ್ಯ ನನಗೆ ಒರಟೆನಿಸಿದರೂ ಅದನ್ನು ಮುಟ್ಟಕೂಡದು.

ಈಗ ನನ್ನ ಮುಂದಿರುವ ಕಾದಂಬರಿಯಲ್ಲಿ ಸಾವೊಂದು ಹನ್ನೊಂದು ಪುಟಗಳಷ್ಟು ಹರಡಿದೆ. ಒಂದು ಒತ್ತಕ್ಷರವೂ ತಪ್ಪದಂತೆ ಅದನ್ನು ತಿದ್ದಿ ಕಳುಹಿಸಬೇಕಾಗಿದೆ.