ಸಣ್ಣ ಗಾಡಿ, ದೊಡ್ಡ ಹೊರೆ

ಬಳ್ಳಾರಿಯ ಕೌಲ್‌ಬಜಾರಿನ ಓಣಿಗಳಲ್ಲಿ ಬೆಳಗಿನ ಹೊತ್ತು ಜೀನ್ಸ್ ಬಟ್ಟೆಯ ಗಂಟುಗಳು ತಾವೇ ರಸ್ತೆಗಿಳಿದು ಓಡಾಡುತ್ತಿರುವಂತೆ ಕಾಣುತ್ತವೆ. ಹತ್ತಿರ ಬಂದಾಗಲೇ ಗಂಟುಗಳ ನಡುವೆ ಒಂದು ತಲೆ, ಅವುಗಳ ಕೆಳಗೆ ಎರಡು ಸಪೂರ ಚಕ್ರ ಕಣ್ಣಿಗೆ ಬೀಳುವುದು. ಹಿಂದಿನ ಸೀಟು ಬಿಚ್ಚಿ ಅಲ್ಲೊಂದು ಗಂಟು, ಕಾಲಿಡುವ ಜಾಗದಲ್ಲಿ ಇನ್ನೊಂದು. ಕತ್ತರಿಸಿದ ಬಟ್ಟೆ ಹೊಲಿಯುವವರ ಮನೆಗೆ ಹೋಗಬೇಕು. ಹೊಲಿದದ್ದು ವಾಷಿಂಗ್ ಘಟಕಕ್ಕೆ, ಅಲ್ಲಿಂದ ಇಸ್ತ್ರಿಗೆ, ಆಮೇಲೆ ಅಂಗಡಿಗೆ. ಒಂದು ಪ್ಯಾಂಟು ಬಳ್ಳಾರಿ ಬಿಡುವ ಮೊದಲು ಬಳ್ಳಾರಿಯೊಳಗೇ ನಾಲ್ಕು ಸುತ್ತು ಹಾಕುತ್ತದೆ. ಓಣಿಗೆ ಲಾರಿ ಬರದು, ಪ್ರತಿ ಸುತ್ತಿಗೂ ಆಟೊ ಬಾಡಿಗೆ ಕೊಟ್ಟರೆ ಹೊಲಿಗೆಯ ಕೂಲಿಯೇ ಉಳಿಯದು. ಆಗ ನೆರವಿಗೆ ಬರುವುದು ಈ ಸಣ್ಣ ಗಾಡಿ.

ಕಾಗದಪತ್ರಗಳಲ್ಲಿ ಇದರ ಹೆಸರು ಮೊಪೆಡ್. ಊರ ಬಾಯಲ್ಲಿ ಇದು ಎಕ್ಸೆಲ್ಲು, ಟಿವಿಎಸ್ಸು. ಕೆಲವು ಹಿರಿಯರಿಗೆ ಈಗಲೂ ಲೂನಾ. ಗೇರಿಲ್ಲ, ಗತ್ತಿಲ್ಲ. ಕಾಲೇಜಿನ ಮುಂದೆ ನಿಲ್ಲಿಸಿದರೆ ಗೆಳೆಯರು ನಗುತ್ತಾರೆಂದು ಹುಡುಗರಿಗೆ ಸಂಕೋಚ. ಆದರೆ ಅದೇ ಹುಡುಗರಲ್ಲಿ ಅನೇಕರ ಶುಲ್ಕದ ಹಣ ಮನೆಗೆ ಬಂದದ್ದು ಈ ಗಾಡಿಯ ಮೇಲೆಯೇ. ಇಂಥ ಪುಟ್ಟ ಗಾಡಿಗೆ ಮುಂದೆಯೂ ಕಾಲವಿದೆಯೇ, ಅದನ್ನು ಹದಿನಾರರ ಮಗನ ಕೈಗೋ ಮಗಳ ಕೈಗೋ ಕೊಡಬಹುದೇ ಎಂಬ ಎರಡು ಪ್ರಶ್ನೆಗಳು ಬಳ್ಳಾರಿ ಸೀಮೆಯ ಮನೆಗಳಲ್ಲಿ ಒಟ್ಟೊಟ್ಟಿಗೇ ಏಳುತ್ತವೆ.

ತೋರಿಕೆಗೆ ಬಂದದ್ದು, ಹೊರಲು ಬಂದದ್ದು

ನಮ್ಮ ದೇಶದಲ್ಲಿ ಸಣ್ಣ ಗಾಡಿಯ ಕತೆ ಎರಡು ದಾರಿಯಲ್ಲಿ ಸಾಗಿದೆ. ಒಂದು ತೋರಿಕೆಯ ದಾರಿ. 1973ರಲ್ಲಿ 'ಬಾಬಿ' ಚಿತ್ರ ತೆರೆಗೆ ಬಂದಾಗ ಅದರಲ್ಲಿ ರಿಷಿ ಕಪೂರ್ ಓಡಿಸಿದ ಗುಬ್ಬಚ್ಚಿಯಂಥ ರಾಜದೂತ್ ಜಿಟಿಎಸ್ ಗಾಡಿಗೆ 'ಬಾಬಿ ಬೈಕ್' ಎಂದೇ ಹೆಸರಾಯಿತು. ಚಕ್ರ ಚಿಕ್ಕದು, ಎಂಜಿನ್ ಮಾತ್ರ ದೊಡ್ಡ ರಾಜದೂತಿನದೇ. ಜನ ಮೆಚ್ಚಿ ನೋಡಿದರು, ಕೊಂಡವರು ಕಡಿಮೆ. 2016ರಲ್ಲಿ ಹೋಂಡಾ ಕಂಪನಿ ಸ್ಕೂಟರಿನ ಎಂಜಿನ್ ಹಾಕಿ ಬೈಕಿನ ರೂಪ ಕೊಟ್ಟ ನಾವಿ ಎಂಬ ಪುಟ್ಟ ಗಾಡಿಯನ್ನು ತಂದಿತು. ಎಳೆಯರ ಕಣ್ಣು ಸೆಳೆದ ಆ ಗಾಡಿಯೂ 2020ರಲ್ಲಿ ಹೊಸ ಹೊಗೆ ನಿಯಮ ಬರುವ ಹೊತ್ತಿಗೆ ಇಲ್ಲಿನ ಮಾರುಕಟ್ಟೆ ಬಿಟ್ಟಿತು.

ಇನ್ನೊಂದು ಹೊರೆಯ ದಾರಿ. ಪುಣೆಯ ಕೈನೆಟಿಕ್ ಕಂಪನಿ 1972ರಲ್ಲಿ ಇಟಲಿಯ ಪಿಯಾಜಿಯೊದ ಮಾದರಿಯಲ್ಲಿ ಲೂನಾ ತಯಾರಿಸಿತು. ಸೈಕಲ್ಲಿನಂತೆ ಪೆಡಲ್ ತುಳಿದು ಚಾಲೂ ಮಾಡುವ 50 ಸಿ.ಸಿ. ಗಾಡಿ ಅದು. ಪೆಟ್ರೋಲ್ ಮುಗಿದರೆ ತುಳಿದುಕೊಂಡೇ ಮನೆ ಸೇರಬಹುದಿತ್ತು. 1980ರಲ್ಲಿ ಬೆಂಗಳೂರಿಗೆ ಅಂಟಿಕೊಂಡಂತಿರುವ ಹೊಸೂರಿನಿಂದ ಟಿವಿಎಸ್ 50 ಹೊರಬಂತು. ಇಬ್ಬರು ಕೂರಬಹುದಾದ ದೇಶದ ಮೊದಲ ಮೊಪೆಡ್ ಎಂದು ಅದು ಹೆಸರು ಮಾಡಿತು. ಗಂಡ ಹೆಂಡತಿ ಸಂತೆಗೆ, ಅಪ್ಪ ಮಗಳು ಶಾಲೆಗೆ ಹೋಗಲು ಅಷ್ಟು ಸಾಕಾಯಿತು.

ಮುಂದೆ ಸ್ಕೂಟರುಗಳೂ ನೂರು ಸಿ.ಸಿ. ಬೈಕುಗಳೂ ಬಂದವು, ಬ್ಯಾಂಕುಗಳು ಸಾಲ ಕೊಟ್ಟವು. ಮೊಪೆಡ್ ತಯಾರಿಸುತ್ತಿದ್ದ ಕಂಪನಿಗಳು ಒಂದೊಂದಾಗಿ ಕೈಬಿಟ್ಟವು. ಟಿವಿಎಸ್ ಮಾತ್ರ ಬಿಡಲಿಲ್ಲ. ಎಂಜಿನ್ 50ರಿಂದ 70 ಸಿ.ಸಿ.ಗೆ ಬೆಳೆಯಿತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಡುತ್ತಿದ್ದ, ನೀಲಿ ಹೊಗೆ ಬಿಡುತ್ತಿದ್ದ ಟೂ ಸ್ಟ್ರೋಕ್ ಎಂಜಿನ್ನಿನ ಬದಲು 2015ರಲ್ಲಿ ಫೋರ್ ಸ್ಟ್ರೋಕ್ ಎಕ್ಸೆಲ್ 100 ಬಂತು. ತೋರಿಕೆಗೆ ಹುಟ್ಟಿದ ಸಣ್ಣ ಗಾಡಿಗಳು ಹೋದವು, ಹೊರಲು ಹುಟ್ಟಿದ್ದು ಉಳಿಯಿತು.

ಜಪಾನಿನಲ್ಲಿಯೂ ಹೀಗೆಯೇ ಆಯಿತು. ಹೋಂಡಾದ ಸೂಪರ್ ಕಬ್ 1958ರಲ್ಲಿ ಬಂದಾಗ, ಹೋಟೆಲಿನ ಹುಡುಗ ಒಂದು ಕೈಯಲ್ಲಿ ಶಾವಿಗೆಯ ಊಟದ ತಟ್ಟೆ ಹಿಡಿದು ಇನ್ನೊಂದೇ ಕೈಯಲ್ಲಿ ಓಡಿಸುವಂತಿರಬೇಕೆಂಬುದು ತಯಾರಕರ ಲೆಕ್ಕಾಚಾರವಾಗಿತ್ತು. ಅದಕ್ಕಾಗಿ ಕ್ಲಚ್ಚಿನ ಹಿಡಿಯನ್ನೇ ತೆಗೆದರು. 2017ರ ವೇಳೆಗೆ ಆ ಸಾಲಿನ ಗಾಡಿಗಳು ಹತ್ತು ಕೋಟಿ ತಯಾರಾಗಿದ್ದವು. ಲೋಕದಲ್ಲಿ ಇನ್ನಾವ ಮೋಟಾರು ವಾಹನವೂ ಆ ಸಂಖ್ಯೆ ಮುಟ್ಟಿರಲಿಲ್ಲ.

ಎಕ್ಸೆಲ್ಲಿಗೂ ಕ್ಲಚ್ಚಿನ ಹಿಡಿಯಿಲ್ಲ. ಎಂಜಿನ್ ಜೋರಾಗಿ ತಿರುಗಿದಾಗ ಒಳಗಿನ ತೂಕದ ತುಂಡುಗಳು ಹೊರಕ್ಕೆ ಸರಿದು ಡ್ರಮ್ಮನ್ನು ಕಚ್ಚಿ ಹಿಡಿಯುತ್ತವೆ, ಗಾಡಿ ಮುಂದೆ ಹೋಗುತ್ತದೆ. ನಿಧಾನವಾದಾಗ ಸ್ಪ್ರಿಂಗುಗಳು ಅವನ್ನು ಒಳಕ್ಕೆ ಎಳೆದು ಹಿಡಿತ ಬಿಡಿಸುತ್ತವೆ. ಪಾಠದ ಪುಸ್ತಕದಲ್ಲಿ ಓದುವ ಕೇಂದ್ರಾಪಗಾಮಿ ಬಲ ಕೌಲ್‌ಬಜಾರಿನಲ್ಲಿ ದಿನವಿಡೀ ದುಡಿಯುವುದು ಹೀಗೆ.

ಕುರುಗೋಡಿನ ಮನೆಯ ಮಾತು

ಬಳ್ಳಾರಿಯಿಂದ ಉತ್ತರಕ್ಕೆ ಮೂವತ್ತು ಕಿಲೊಮೀಟರಿನ ಒಳಗೇ ಕುರುಗೋಡು. ಬಂಡೆಗಲ್ಲಿನ ಗುಡ್ಡಗಳ ಮಗ್ಗುಲಿಗೆ ಕುಳಿತ, ಹಿಂದೆ ಸಿಂದ ಅರಸರು ಆಳಿದ ಊರು ಇದು. ಗುಡಿಯೊಳಗಿನ ಏಕಶಿಲೆಯ ದೊಡ್ಡಬಸವೇಶ್ವರನನ್ನು ನೋಡಲು ದೂರದಿಂದ ಜನ ಬರುತ್ತಾರೆ. ಈಗ ಇದು ತಾಲ್ಲೂಕು ಕೇಂದ್ರವೂ ಹೌದು. ಸುತ್ತಲಿನ ಹಳ್ಳಿಗಳಲ್ಲಿ ಮೆಣಸಿನಕಾಯಿ, ಹತ್ತಿ, ನೀರಿರುವಲ್ಲಿ ಭತ್ತ. ಹತ್ತನೇ ತರಗತಿ ಮುಗಿಸಿದ ಮಕ್ಕಳಲ್ಲಿ ಹಲವರ ದಾರಿ ಬಳ್ಳಾರಿಯ ಕಾಲೇಜುಗಳ ಕಡೆಗೆ. ಜೂನ್ ತಿಂಗಳು ಬಂತೆಂದರೆ ಹೆಚ್ಚು ಕಡಿಮೆ ಇಂಥ ಮಾತು ಅನೇಕ ಮನೆಗಳ ಕಟ್ಟೆಯ ಮೇಲೆ ಕೇಳಿಬರುತ್ತದೆ:

"ಬಸ್ಸು ತುಂಬಿ ಬರ್ತೈತಪ್ಪಾ. ಮೊದಲ್ನೇ ಕ್ಲಾಸು ದಿನಾ ತಪ್ಪತೈತಿ. ಎಕ್ಸೆಲ್ ಕೊಡು, ನಿಧಾನ ಹೋಗ್ತೀನಿ."

"ಅದನ್ನ ನೀ ಒಯ್ದರ ಹೊಲಕ್ಕ ನಾ ಹೆಂಗ ಹೋಗ್ಲೋ?"

"ಹಂಗಾದ್ರ ನಂಗೊಂದು ಬೈಕ್ ಕೊಡ್ಸು."

"ಹದಿನೆಂಟು ತುಂಬಲಿ ತಡಿಯಪ್ಪಾ," ಎಂದು ಒಳಗಿನಿಂದ ಅಮ್ಮನ ದನಿ.

ಕಾನೂನು ಇರುವುದು ಅಮ್ಮನ ಪಕ್ಕದಲ್ಲಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಗಾಡಿ ಓಡಿಸಲು ಹದಿನೆಂಟು ತುಂಬಿರಬೇಕು. ಒಂದೇ ವಿನಾಯಿತಿ ಎಂದರೆ, 50 ಸಿ.ಸಿ. ಮೀರದ ಗಾಡಿಯನ್ನು ಹದಿನಾರು ತುಂಬಿದವರು ಲೈಸೆನ್ಸ್ ಪಡೆದು ಓಡಿಸಬಹುದು. ಲೂನಾ ಮತ್ತು ಟಿವಿಎಸ್ 50 ಓಡಾಡುತ್ತಿದ್ದ ಕಾಲದಲ್ಲಿ ಆ ವಿನಾಯಿತಿಗೆ ಅರ್ಥವಿತ್ತು. ಇಂದು ಷೋರೂಮಿಗೆ ಹೋಗಿ 50 ಸಿ.ಸಿ.ಯ ಹೊಸ ಪೆಟ್ರೋಲ್ ಮೊಪೆಡ್ ಕೇಳಿದರೆ ಸಿಗದು. ಎಕ್ಸೆಲ್ 100 ನೋಡಲು ಸೈಕಲ್ಲಿನ ತಮ್ಮನಂತಿದ್ದರೂ ಕಾನೂನಿನ ಕಣ್ಣಿಗೆ ನೂರರ ಹತ್ತಿರದ ಗಾಡಿ. ಹದಿನಾರರ ಮಕ್ಕಳಿಗೆಂದು ತೆರೆದಿಟ್ಟ ಬಾಗಿಲು ಹಾಗೆಯೇ ಇದೆ, ಅದರಿಂದ ಒಳಬರಲು ಗಾಡಿಯೇ ಇಲ್ಲ.

ಇದನ್ನು ತಿಳಿಯದೆಯೋ, ತಿಳಿದೂ 'ಇಲ್ಲೇ ತಾನೆ' ಎಂದುಕೊಂಡೋ ಕೀಲಿಕೈ ಕೊಡುವ ತಂದೆತಾಯಿ ಒಂದು ಸಂಗತಿ ನೆನಪಿಡಬೇಕು. 2019ರ ತಿದ್ದುಪಡಿಯ ನಂತರ, ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಹೊಣೆ ಹೊರಬೇಕಾದವರು ಪೋಷಕರು ಅಥವಾ ಗಾಡಿಯ ಮಾಲೀಕರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಓಡಿಸಿದ ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಸಿಗದು. ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರುವ ವಯಸ್ಸಿನಲ್ಲಿ ಗಾಡಿ ಮುಟ್ಟುವಂತಿಲ್ಲ. ಹೊಲಕ್ಕೂ ಸಂತೆಗೂ ಒಂದೇ ಗಾಡಿ ಇರುವ ಮನೆಗೆ ನೋಂದಣಿ ರದ್ದಾದರೆ ಒಂದು ವರ್ಷದ ದುಡಿಮೆಯೇ ಕುಂಟುತ್ತದೆ.

ಸಿರುಗುಪ್ಪದ ಕಾಲುವೆ ಏರಿ

ಕುರುಗೋಡು ಬಿಟ್ಟು ಇನ್ನೂ ಉತ್ತರಕ್ಕೆ, ತೆಕ್ಕಲಕೋಟೆ ದಾಟಿ ಸಿರುಗುಪ್ಪದ ಕಡೆ ಸಾಗಿದರೆ ಕಪ್ಪು ನೆಲದ ಬಣ್ಣ ಹಸಿರಾಗುತ್ತ ಹೋಗುತ್ತದೆ. ತುಂಗಭದ್ರೆಯ ದಂಡೆಯ ಈ ತಾಲ್ಲೂಕು ಭತ್ತದ ಸೀಮೆ, ಅಕ್ಕಿ ಗಿರಣಿಗಳ ಊರು. ಮುಖ್ಯ ಕಾಲುವೆಯಿಂದ ಉಪಕಾಲುವೆ, ಉಪಕಾಲುವೆಯಿಂದ ತೂಬು, ತೂಬಿನಿಂದ ಗದ್ದೆ. ನೀರಿನ ಈ ದಾರಿಯುದ್ದಕ್ಕೂ ಮಣ್ಣಿನ ಏರಿ. ಕಾರು ಅಲ್ಲಿಗೆ ಹೋಗದು, ಟ್ರ್ಯಾಕ್ಟರಿಗೆ ಜಾಗ ಸಾಲದು. ಎಕ್ಸೆಲ್ ಹೋಗುತ್ತದೆ. ಹಿಂದೆ ಗೊಬ್ಬರದ ಚೀಲ, ಮುಂದೆ ಔಷಧಿ ಹೊಡೆಯುವ ಪಂಪು. ಮರಳಿ ಬರುವಾಗ ಎಮ್ಮೆಗೆ ಹಸಿಹುಲ್ಲಿನ ಹೊರೆ.

ಇದು ಸಾಧ್ಯವಾಗುವುದು ಗಾಡಿ ಹಗುರವಾಗಿರುವುದರಿಂದ. ತೂಕ ತೊಂಬತ್ತು ಕಿಲೊ ಮುಟ್ಟುವುದಿಲ್ಲ. ಕೆಸರಿನಲ್ಲಿ ಹೂತರೆ ಇಬ್ಬರು ಎತ್ತಿ ದಾಟಿಸಬಹುದು. ಹದಿನಾರು ಇಂಚಿನ ಚಕ್ರವಿರುವುದರಿಂದ ಸ್ಕೂಟರು ಮುಗ್ಗರಿಸುವ ಗುಂಡಿಯನ್ನು ಇದು ಹತ್ತಿ ಇಳಿಯುತ್ತದೆ. ಬಿಚ್ಚಿ ಜೋಡಿಸಲು ಹೆಚ್ಚಿನದೇನೂ ಇಲ್ಲದ ಕಾರಣ ಹಳ್ಳಿಯ ಮೆಕ್ಯಾನಿಕ್ ಬೇವಿನ ಮರದ ನೆರಳಿನಲ್ಲೇ ರಿಪೇರಿ ಮುಗಿಸುತ್ತಾನೆ.

ಆದರೆ ಏರಿಯ ಮೇಲೆ ಗುಣವಾದದ್ದು ಹೆದ್ದಾರಿಯಲ್ಲಿ ದೋಷವಾಗಬಹುದು. ಸಿರುಗುಪ್ಪ–ಬಳ್ಳಾರಿ ರಸ್ತೆ ರಾಷ್ಟ್ರೀಯ ಹೆದ್ದಾರಿ. ಭತ್ತದ ಲಾರಿಗಳು ಹಿಂದಿನಿಂದ ಬರುವಾಗ ಹಗುರ ಗಾಡಿ ಗಾಳಿಗೇ ವಾಲುತ್ತದೆ. ಸುಗ್ಗಿಯಲ್ಲಿ ಟ್ರೇಲರುಗಳು ಹಿಂದೆ ದೀಪವಿಲ್ಲದೆ ನಿಂತಿರುತ್ತವೆ, ರಸ್ತೆಯ ಅಂಚಿನಲ್ಲಿ ಒಣಹಾಕಿದ ಭತ್ತದ ಮೇಲೆ ಚಕ್ರ ಜಾರುತ್ತದೆ. ಹೊರುತ್ತದೆಂದು ಹೇರಿದ ಹೊರೆ ಬ್ರೇಕಿನ ಹಿಡಿತವನ್ನು ಕಡಿಮೆ ಮಾಡುತ್ತದೆ.

ವೇಗದ ಲೆಕ್ಕವನ್ನೂ ಮಕ್ಕಳು ಒಮ್ಮೆ ಮಾಡಿ ನೋಡಬೇಕು. ವೇಗ ಎರಡರಷ್ಟಾದರೆ ಚಲನಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಗಂಟೆಗೆ 25 ಕಿಲೊಮೀಟರಿನಲ್ಲಿ ಹೋಗುವ ಗಾಡಿ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಎಷ್ಟು ದೂರ ಬೇಕೋ, 50ರಲ್ಲಿ ಹೋಗುವುದಕ್ಕೆ ಅದರ ನಾಲ್ಕರಷ್ಟು ಬೇಕು. ತಲೆ ನೆಲಕ್ಕೆ ಬಡಿದರೆ ಪೆಟ್ಟಿನ ಲೆಕ್ಕವೂ ಅದೇ. ಬಳ್ಳಾರಿಯ ಬಿಸಿಲಿನಲ್ಲಿ ಹೆಲ್ಮೆಟ್ ಸೆಕೆಯೆಂದು ಹ್ಯಾಂಡಲ್ಲಿಗೆ ನೇತುಹಾಕುವವರು ಬಹಳ. ಹ್ಯಾಂಡಲ್ಲಿಗೆ ತಲೆಯಿಲ್ಲವಲ್ಲ!

ಮುಂದಿನ ಗಾಡಿ

ಹಾಗಾದರೆ ಸಣ್ಣ ಗಾಡಿಯ ಮುಂದಿನ ಕಾಲ ಎಂಥದು? ಸಣ್ಣ ಪೆಟ್ರೋಲ್ ಎಂಜಿನ್ನಿಗೆ ಎಲ್ಲ ಕಡೆಯೂ ಕಷ್ಟಕಾಲ. ಹೊಗೆಯ ನಿಯಮ ಬಿಗಿಯಾದಷ್ಟೂ ಅದಕ್ಕೆ ತಗಲುವ ಉಪಕರಣಗಳ ಬೆಲೆ ಏರುತ್ತದೆ, ಅಗ್ಗವೆಂಬ ಗುಣವೇ ಸವೆಯುತ್ತದೆ. 50 ಸಿ.ಸಿ. ಗಾಡಿಗಳ ತವರಾದ ಜಪಾನಿನಲ್ಲಿಯೇ 2025ರ ಹೊಸ ನಿಯಮದಿಂದ ಅವುಗಳ ತಯಾರಿಕೆ ಕೊನೆಗೊಂಡಿದೆ.

ಬ್ಯಾಟರಿ ಆ ಜಾಗಕ್ಕೆ ಬರುತ್ತಿದೆ. 2024ರ ಫೆಬ್ರವರಿಯಲ್ಲಿ ಕೈನೆಟಿಕ್ ಗ್ರೀನ್ ಕಂಪನಿ ಹಳೆಯ ಹೆಸರನ್ನೇ ಇಟ್ಟು ಇ-ಲೂನಾ ಬಿಡುಗಡೆ ಮಾಡಿತು. ಆಗಿನ ಬೆಲೆ ಎಪ್ಪತ್ತು ಸಾವಿರ ರೂಪಾಯಿಯ ಆಸುಪಾಸು. ಅದರ ಬ್ಯಾಟರಿ ಎರಡು ಕಿಲೊವಾಟ್ ಗಂಟೆಯದು, ಅಂದರೆ ಎರಡು ಯೂನಿಟ್ಟಿಗೆ ತುಸು ಹೆಚ್ಚು ವಿದ್ಯುತ್ತಿನಲ್ಲಿ ತುಂಬುತ್ತದೆ. ಕೌಲ್‌ಬಜಾರಿನ ಸುತ್ತಾಟಕ್ಕೆ, ಹೊಲಕ್ಕೂ ಮನೆಗೂ ನಡುವಿನ ಓಡಾಟಕ್ಕೆ ಅಷ್ಟು ಸಾಲಬಹುದು. ಆದರೆ ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಬಿಸಿಲೇ ಬ್ಯಾಟರಿಯ ಶತ್ರು. ನೆರಳಿನಲ್ಲಿ ನಿಲ್ಲಿಸಿ, ಗಾಡಿ ತಣಿದ ಮೇಲೆ ಚಾರ್ಜಿಗೆ ಹಾಕಿದರೆ ಅದರ ಆಯುಸ್ಸು ಹೆಚ್ಚುತ್ತದೆ. ಮರದ ಕೆಳಗಿನ ಮೆಕ್ಯಾನಿಕ್ ಈ ಹೊಸ ವಿದ್ಯೆ ಕಲಿಯುವವರೆಗೆ ಹಳ್ಳಿಯವರು ಎಕ್ಸೆಲ್ ಬಿಡುವುದು ಕಷ್ಟ. ಐಟಿಐಯಲ್ಲಿ ಓದುವ ಮಕ್ಕಳು ಗಮನಿಸಬೇಕಾದ ಮಾತಿದು: ಮುಂದೆ ದುಡಿಮೆಯಿರುವುದು ಗಾಡಿ ಓಡಿಸುವುದರಲ್ಲಿ ಮಾತ್ರವಲ್ಲ, ರಿಪೇರಿಯಲ್ಲಿಯೂ ಇದೆ.

ಲೈಸೆನ್ಸ್ ಬೇಡದ ಬ್ಯಾಟರಿ ಗಾಡಿಯೆಂದು ಮಕ್ಕಳು ಹೇಳುವುದುಂಟು. ಅದು ಅರ್ಧ ಸತ್ಯ. ಮೋಟಾರಿನ ಶಕ್ತಿ 250 ವಾಟ್ ಮೀರದ, ಗಂಟೆಗೆ 25 ಕಿಲೊಮೀಟರ್ ವೇಗ ಮೀರದ ಗಾಡಿಗೆ ಮಾತ್ರ ಲೈಸೆನ್ಸ್, ನೋಂದಣಿ ಬೇಕಿಲ್ಲ. ಇ-ಲೂನಾದಂತೆ 50ರ ವೇಗ ಮುಟ್ಟುವ ಗಾಡಿಗೆ ಎರಡೂ ಬೇಕು. ಯಾರಿಂದಲಾದರೂ ವೇಗದ ಮಿತಿ ತೆಗೆಸಿದರೆ ಅದರೊಂದಿಗೆ ವಿನಾಯಿತಿಯೂ ಹೋಯಿತು. ಇಪ್ಪತ್ತೈದರ ಗಾಡಿ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಹೋಗುವಂಥದಲ್ಲ. ಊರೊಳಗಿನ ಶಾಲೆ, ಟ್ಯೂಷನ್, ಗ್ರಂಥಾಲಯಕ್ಕೆ ಅದು ಸರಿ, ಅಲ್ಲಿಯೂ ತಲೆಗೆ ಹೆಲ್ಮೆಟ್ ಇರಲಿ.

ಸಣ್ಣ ಗಾಡಿ ನಲವತ್ತು ವರ್ಷ ಉಳಿದದ್ದು ಅದು ತನ್ನ ಮಿತಿ ಬಿಟ್ಟು ಹೋಗದ ಕಾರಣ. ಹತ್ತಿರದ ದಾರಿ, ನಿಧಾನದ ಓಟ, ಹಿಡಿಯಷ್ಟು ಪೆಟ್ರೋಲು. ಮಕ್ಕಳಿಗೆ ಗಾಡಿ ಕೊಡಿಸುವ ಮುನ್ನ 'ಎಷ್ಟು ಓಡುತ್ತದೆ' ಎಂದು ಕೇಳುವ ಬದಲು 'ಎಲ್ಲಿಯವರೆಗೆ ಬೇಕು' ಎಂದು ಕೇಳಿಕೊಂಡರೆ ಅರ್ಧ ಉತ್ತರ ಅಲ್ಲಿಯೇ ಇದೆ. ಕುರುಗೋಡಿನಿಂದ ಬಳ್ಳಾರಿಯವರೆಗಿನ ದೂರಕ್ಕೆ ಬಸ್ಸಿದೆ, ವಿದ್ಯಾರ್ಥಿ ಪಾಸಿದೆ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣವಿದೆ. ಸಾಲದ್ದು ಬೆಳಗಿನ ಒಂದೆರಡು ಬಸ್ಸು. ಮನೆಮನೆಗೂ ಬೈಕಿನ ಸಾಲ ಮಾಡುವ ಬದಲು ಊರಿನ ಹಿರಿಯರು ಕೂಡಿ ಹೆಚ್ಚಿನ ಬಸ್ಸಿಗೆ ಅರ್ಜಿ ಕೊಟ್ಟರೆ ಎಲ್ಲ ಮಕ್ಕಳಿಗೂ ದಾರಿಯಾಗುತ್ತದೆ.

ಸಂಜೆ ಕುರುಗೋಡಿನ ಗುಡ್ಡಗಳ ಹಿಂದೆ ಬಿಸಿಲು ಇಳಿಯುವ ಹೊತ್ತಿಗೆ ಬಳ್ಳಾರಿಯ ಬಸ್ಸು ಬಂದು ಮಕ್ಕಳನ್ನು ಇಳಿಸುತ್ತದೆ. ಹಳ್ಳಿಗೆ ಇನ್ನೂ ಮೂರು ನಾಲ್ಕು ಕಿಲೊಮೀಟರ್. ನಿಲ್ದಾಣದ ಬದಿಯಲ್ಲಿ ಹುಲ್ಲಿನ ಹೊರೆ ಕಟ್ಟಿದ ಎಕ್ಸೆಲ್ಲೊಂದು ನಿಂತಿರುತ್ತದೆ. ಅಪ್ಪ ಹೊರೆಯನ್ನು ಮುಂದಕ್ಕೆ ಸರಿಸಿ, ಹಿಂದಿನ ಸೀಟು ಕೂಡಿಸಿ, ಮಗನಿಗೆ ಜಾಗ ಮಾಡುತ್ತಾನೆ. ಪುಸ್ತಕದ ಚೀಲವೂ ಹುಲ್ಲೂ ಒಂದೇ ಗಾಡಿಯಲ್ಲಿ ಮನೆಯ ದಾರಿ ಹಿಡಿಯುತ್ತವೆ.